ಮುಳ್ಳು ಕೀಳುವ ಕಾನೂನು

ಮೊಲದ ಮರಿಯೊಂದು ಯಾವುದೋ ಮುಳ್ಳುಹಂದಿಯ ಮುಳ್ಳು ಚುಚ್ಚಿಸಿಕೊಂಡು ಕಣ್ಣು ಕಳೆದುಕೊಂಡ ಮೇಲೆ ಕಾಡಿನ ಸಭೆ ಹೊಸ ಕಾನೂನು ಮಾಡಿತು: ಮುಳ್ಳುಹಂದಿಗಳೆಲ್ಲ ತಮ್ಮ ಮುಳ್ಳು ಕಿತ್ತು ಒಪ್ಪಿಸಬೇಕು. ಮುದುಕಿ ಮುಳ್ಳುಹಂದಿಯೊಬ್ಬಳು ಮಾತ್ರ ಜಗ್ಗದೆ ನ್ಯಾಯಾಧೀಶ ಆನೆಯ ಮುಂದೆ ಹೋಗಿ ನಿಂತಳು.

“ಜೀವ ಉಳಿಸಿಕೊಳ್ಳುವ ಹಕ್ಕು ಎಲ್ಲ ಪ್ರಾಣಿಗೂ ಇದೆ ಎಂದು ಹಿರಿಯರು ಕಾಡಿನ ಸಂವಿಧಾನದಲ್ಲೇ ಬರೆದಿಟ್ಟಿದ್ದಾರೆ, ಮಹಾಸ್ವಾಮಿ. ಈ ಕಾನೂನು ಅದನ್ನು ಮುರಿಯುತ್ತದೆ. ನಾನು ಒಂದು ಮುಳ್ಳನ್ನೂ ಕೊಡುವುದಿಲ್ಲ.”

ಸಭೆಯ ವಕೀಲ ತೋಳ ಎದ್ದು ನಿಂತ. “ಕಾಡಿಗೆ ಶಾಂತಿ ಬೇಕು, ಮಹಾಸ್ವಾಮಿ.”

“ಹಾಗಾದರೆ ನಿನ್ನ ಹಲ್ಲನ್ನು ಯಾವತ್ತು ಒಪ್ಪಿಸುತ್ತೀಯಪ್ಪ?” ಎಂದು ಮುಳ್ಳುಹಂದಿ ಕೇಳಿದಳು.

“ಹಲ್ಲು ಇರುವುದು ಊಟಕ್ಕೆ” ಎಂದ ತೋಳ.

“ಆ ಊಟ ನಾವೇ” ಎಂದಳು ಅವಳು.

ಆನೆ ಕಾನೂನನ್ನು ರದ್ದು ಮಾಡಿದ. ಆಗ ಹಿಂದೆ ಕುಳಿತಿದ್ದ ತಾಯಿಮೊಲ ಬಾಯಿಬಿಟ್ಟಳು. “ನೀವು ಗೆದ್ದಿರಿ, ಅಜ್ಜಿ. ನನ್ನ ಮಗುವಿನ ಕಣ್ಣಿಗೆ ಯಾರು ಹೊಣೆ?”

ಆ ದಿನ ನಡೆದದ್ದನ್ನೆಲ್ಲ ಮುಳ್ಳುಹಂದಿ ಪೊದೆಯ ಮರೆಯಿಂದ ನೋಡಿದ್ದಳು. ತಲೆಯೆತ್ತಿ ಮತ್ತೆ ಆನೆಯ ಕಡೆ ತಿರುಗಿದಳು.

“ಇನ್ನೊಂದು ಮೊಕದ್ದಮೆ ಬರೆದುಕೊಳ್ಳಿ, ಮಹಾಸ್ವಾಮಿ. ಚುಚ್ಚಿದವನು ನನ್ನ ಮಗ. ಸಾಕ್ಷಿ ನಾನೇ.”