ಗೂಟಕ್ಕೆ ಕಟ್ಟಿದ ಅರಿವೆ

“ಹಾಲು ಉಕ್ಕತಾವ ನೋಡ್ರಿ.”

ಭರಮಪ್ಪನಿಗೆ ಅವನ ಹೆಂಡತಿ ಹೇಳಿದ ಕಡೆಯ ಮಾತು ಇದು.

ಅವನು ಎದ್ದು ಹೋಗಿ ಗಡಿಗೆ ಇಳಿಸಿದ. ಒಲೆಗುಂಟ ಚೆಲ್ಲಿದ್ದನ್ನು ಒರೆಸಿದ. ಕೈ ತೊಳೆದು ಬಂದು ನೋಡಿದರೆ ಹಾಸಿಗೆಯ ಮೇಲೆ ಮೈ ಇತ್ತು, ಅವಳಿರಲಿಲ್ಲ.

ಮೂರನೆಯ ದಿನ ಅವಳ ಸೀರೆ, ಕೌದಿ, ತಲೆದಿಂಬು ಎಲ್ಲವನ್ನೂ ಹಳ್ಳಕ್ಕೆ ಒಯ್ದು ಒಗೆದ. ಒಣಗಿಸಿ, ಬೇಕೆಂದವರಿಗೆ ಕೊಟ್ಟ. ಮನೆಯನ್ನು ಮೂಲೆಮೂಲೆ ಸಾರಿಸಿದ. ಕೀಲಿಯನ್ನು ಅವಳ ಅಣ್ಣನ ಕೈಗಿಟ್ಟು ಊರು ಬಿಟ್ಟ.

ನಡೆದೂ ನಡೆದೂ ಒಂದು ಹೊಳೆಯ ದಂಡೆಗೆ ಬಂದ. ಅಲ್ಲೊಂದು ಮಠ. ಮಠದಲ್ಲಿ ಒಬ್ಬರು ಮುದುಕರು. ಜನ ಅವರನ್ನು ಹೊಳೆಯಜ್ಜ ಅನ್ನುತ್ತಿದ್ದರು.

“ಏನು ಬೇಕಪಾ?”

“ಕೆಲಸ ಬೇಕ್ರಿ ಅಜ್ಜಾರ.”

“ಇಲ್ಲಿಗೆ ಬಂದವರು ಶಾಂತಿ ಬೇಕಂತಾರ.”

“ನನಗ ಕೆಲಸ ಬೇಕ್ರಿ.”

ಅಜ್ಜ ಅವನ ಮುಖ ನೋಡಲಿಲ್ಲ, ಕೈ ನೋಡಿದರು. ಎದ್ದು ಮಠದ ಹಿಂದಕ್ಕೆ ಕರೆದುಕೊಂಡು ಹೋದರು.

ಅಲ್ಲೊಂದು ಕುದುರೆ ಲಾಯ. ಲಾಯ ಅನ್ನಬೇಕು, ಅಷ್ಟೇ. ಬಾಗಿಲಲ್ಲಿ ಜಾಲಿ ಬೆಳೆದಿತ್ತು. ಮಾಡು ಅರ್ಧ ಕುಸಿದಿತ್ತು. ಒಳಗೆ ಮೊಣಕಾಲುದ್ದ ಹಳೆಯ ಲದ್ದಿ, ಅದರ ಮೇಲೆ ಬಾವಲಿಯ ಹಿಕ್ಕೆ.

“ಹರಿಗೋಲು ಮನಷ್ಯಾರನ್ನ ದಾಟಸ್ತೈತಿ, ಕುದುರೀನ್ನ ದಾಟಸೂದಿಲ್ಲ. ಆಚಿ ದಂಡಿಗೆ ಹೋಗವರು ಕುದುರಿ ಇಲ್ಲಿ ಬಿಟ್ಟು ಹೋಗ್ತಿದ್ರು. ತಿರುಗಿ ಬಂದು ಬಿಚಗೊಂಡು ಹೋಗ್ತಿದ್ರು. ಮೋದಿನಸಾಬ ನೋಡಕೋತಿದ್ದ. ಅವ ಹೋಗಿ ಎರಡು ವರ್ಷ ಆತು.”

“ಈಗ ಕುದುರಿಯವರು ಏನು ಮಾಡ್ತಾರ್ರಿ?”

“ನಾಕು ಹರದಾರಿ ಸುತ್ತು ಹಾಕಿ ಮ್ಯಾಲ ನೀರು ತೆಳುವಿದ್ದ ಕಡವಿಗೆ ಹೋಗಿ ದಾಟತಾರ. ನಿನಗ ಕುದುರಿ ಗೊತ್ತೇನು?”

“ಎತ್ತು ಗೊತ್ತ್ರಿ.”

“ಎತ್ತು ಬ್ಯಾರೆ, ಕುದುರಿ ಬ್ಯಾರೆ.”

“ಕಲೀತೀನ್ರಿ.”

ಭರಮಪ್ಪ ಅವತ್ತೇ ಕೊಡಲಿ ಹಿಡಿದ. ಜಾಲಿ ಕಡಿದ. ಲದ್ದಿ ಹೊತ್ತು ಹೊತ್ತು ಬುಟ್ಟಿಯ ತಳ ಹೋಯಿತು, ಬೇರೆ ಬುಟ್ಟಿ ಹೆಣೆದ. ಮಾಡಿಗೆ ಹೊಸ ತೊಲೆ ಏರಿಸಿದ. ಗೋಡೆಯ ಗೂಟಗಳಿಗೆ ಹರಕು ಚಿಂದಿಗಳು ಜೋತುಬಿದ್ದಿದ್ದವು, ಕಿತ್ತು ಬೆಂಕಿಗೆ ಹಾಕಿದ. ಮೇವಿನ ಗೋದಲಿಗಳನ್ನು ಉಜ್ಜಿದ. ನೆಲಕ್ಕೆ ಕಲ್ಲು ಹಾಸಿದ. ಒಂದೂವರೆ ತಿಂಗಳು ಹಿಡಿಯಿತು.

ಅಜ್ಜ ಬಂದರು. ಒಂದು ಕೊಡ ನೀರು ನೆಲಕ್ಕೆ ಸುರಿದರು. ನೀರು ಹರಿಯದೆ ನಿಂತಿತು.

“ಇದು ಕುದುರಿ ಉಚ್ಚಿ ಅಂತ ತಿಳಕೋ. ಇದರಾಗ ಇಡೀ ದಿನ ನೀ ನಿಲ್ತೀಯೇನು?”

ಭರಮಪ್ಪ ಹಾಸಿದ ಕಲ್ಲನ್ನೆಲ್ಲ ಕಿತ್ತ. ಇಳಿಜಾರು ಕೊಟ್ಟು ಮತ್ತೆ ಹಾಸಿದ. ಹನ್ನೆರಡು ದಿನ ಹಿಡಿಯಿತು. ಕೊಡ ಹೊತ್ತು ತಂದು ತಾನೇ ಸುರಿದ. ನೀರು ಹರಿದು ಹೋಯಿತು.

ಹರಿಗೋಲಿನ ಅಂಬಿಗ ಯಮನೂರ ಇಣುಕಿ ನೋಡಿ ನಕ್ಕ. “ಭರಮಣ್ಣಾ, ಇದು ಲಾಯ ಅಲ್ಲೋ, ದೇವರ ಗುಡಿ ಆಗೇತಿ! ಇಲ್ಲಿ ಕುದುರಿ ಲದ್ದಿ ಹಾಕಾಕ ನಾಚತಾವ.”

“ಹಾಕ್ಲಿ. ಬಳಿಯಾಕ ನಾ ಅದೀನಿ.”

ಮೊದಲು ಬಂದದ್ದು ಬಳೆಗಾರ ಚಂದ್ರಾಮನ ಕುದುರೆ. ಕೆಂಚಿ ಅಂತ ಹೆಸರು, ಕೆಂಪು ಬಣ್ಣದ ವಯಸ್ಸಾದ ಹೆಣ್ಣು. ಚಂದ್ರಾಮ ಅದನ್ನು ಕಟ್ಟಿ, ಹೆಗಲ ಮೇಲಿನ ಅರಿವೆ ತೆಗೆದು ಅದರ ಮುಂದಿನ ಗೂಟಕ್ಕೆ ಬಿಗಿದ. ಬಳೆಯ ಮಲಾರ ಹೆಗಲಿಗೇರಿಸಿದ.

“ಎಂಟು ದಿನದಾಗ ಬರ್ತೀನಪಾ. ಹುರಳಿ ನೆನಸಿ ಕೊಡು, ಹಲ್ಲು ಸವದಾವ ಅದಕ್ಕ.”

ಹರಿಗೋಲು ಹೊರಟಿತ್ತು. ಓಡಿದ.

ಭರಮಪ್ಪ ಗೂಟ ನೋಡಿದ. ಅರಿವೆ ಬೆವರಿಗೆ ಕಪ್ಪಾಗಿತ್ತು. ಗಬ್ಬು ನಾರುತ್ತಿತ್ತು. ಇಷ್ಟು ಚೊಕ್ಕ ಮಾಡಿದ ಲಾಯದಲ್ಲಿ ಇದೇನು ಅಂತ ಬಿಚ್ಚಿ ಒಯ್ದು, ಅಂಟುವಾಳ ಹಾಕಿ ಕುಕ್ಕಿ ಕುಕ್ಕಿ ತೊಳೆದ. ಅರಿವೆ ಬೆಳ್ಳಗಾಯಿತು. ಹಗ್ಗಕ್ಕೆ ಹರವಿದ.

ಅಜ್ಜ ಆ ದಾರಿಯಲ್ಲಿ ಬಂದರು. “ಯಾರದಿದು?”

“ಬಳೆಗಾರಂದ್ರಿ. ಅವ ಬರೂದ್ರಾಗ ಮಡಚಿ ಇಡ್ತೀನ್ರಿ.”

ಅಜ್ಜ ಒಂದು ಗಳಿಗೆ ನಿಂತು, ಹೋದರು.

ಆ ಸಂಜೆ ಕೆಂಚಿ ಮೇಯಲಿಲ್ಲ. ಮರುದಿನವೂ ಇಲ್ಲ. ಭರಮಪ್ಪ ಹುರುಳಿ ನೆನೆಸಿ ಕೊಟ್ಟ, ಬೇಯಿಸಿ ಕೊಟ್ಟ. ಬೆಲ್ಲ ಕೊಟ್ಟ. ಹೊಳೆಸಾಲಿನ ಎಳೆ ಗರಿಕೆ ತಂದು ಬಾಯಿಗೆ ಹಿಡಿದ. ಅದು ಮುಖ ತಿರುಗಿಸಿ ಖಾಲಿ ಗೂಟದ ಕಡೆ ನಿಂತಿತು. ನೀರು ಮಾತ್ರ ಎರಡು ಗುಟುಕು.

ಮೂರನೆಯ ದಿನ ಇಬ್ಬರು ಸವಾರರು ಬಂದರು. ಹೊಸ ಲಾಯ ನೋಡಿ ಹಿಗ್ಗಿದರು. ಕೆಂಚಿಯ ಪಕ್ಕೆಲುಬು ನೋಡಿ ಲಗಾಮು ತಿರುಗಿಸಿದರು.

“ಈ ಕುದುರಿ ಸತ್ತರ ಇಲ್ಲಿ ಇನ್ನೊಬ್ಬನೂ ಹಗ್ಗ ಬಿಗಿಯೂದಿಲ್ಲ ಭರಮಣ್ಣಾ. ಲಾಯ ಮತ್ತ ಬಾವಲಿಗೇ,” ಅಂದ ಯಮನೂರ. ಈ ಸಲ ನಗಲಿಲ್ಲ.

“ಸಾಯೂದಿಲ್ಲ.”

“ನೀ ಅಂದ್ರಾತೇನು?”

“ಸಾಯಾಕ ಬಿಡೂದಿಲ್ಲ ನಾ.”

ಆದರೂ ಅಜ್ಜನ ಹತ್ತಿರ ಹೋದ. “ಅಜ್ಜಾರ, ಏನು ಕೊಟ್ರೂ ಒಲ್ಲೆ ಅಂತೈತ್ರಿ.”

ಅಜ್ಜ ಲಾಯಕ್ಕೆ ಬಂದರು. ಮಡಚಿಟ್ಟ ಅರಿವೆ ಎತ್ತಿ ಅವನ ಮೂಗಿಗೆ ಹಿಡಿದರು.

“ಏನರ ವಾಸನಿ ಬರ್ತೈತೇನು?”

“ಇಲ್ರಿ.”

“ಅದಕ್ಕೂ ಬರೂದಿಲ್ಲ. ಮೋದಿನಸಾಬನ ಕಾಲಕ್ಕ ಇಲ್ಲಿ ಗೂಟಕ್ಕೊಂದು ಅರಿವಿ ಇರ್ತಿತ್ತು. ಧಣಿ ತನ್ನ ಬೆವರು ಬಿಟ್ಟು ಹೋಗ್ತಿದ್ದ. ಅದರ ನೆಪ್ಪಿಗೆ ಕುದುರಿ ಮೇಯ್ತಿದ್ವು.”

ಭರಮಪ್ಪನಿಗೆ ತಾನು ಸುಟ್ಟ ಚಿಂದಿಗಳು ಕಣ್ಣಿಗೆ ಕಟ್ಟಿದವು. ಸಿಟ್ಟು ಬಂತು.

“ಅವತ್ತು ಹಗ್ಗದ ಮ್ಯಾಲ ನೋಡಿದ್ರಿ. ಯಾಕ ಹೇಳಲಿಲ್ರಿ?”

“ತೊಳದ ಮ್ಯಾಲ ನೋಡಿದೆ. ಹೋದ ಬೆವರು ಮಾತಿಗೆ ತಿರುಗಿ ಬರ್ತೈತೇನು?”

“ಹೋಗಿ ಇನ್ನೊಂದು ಅರಿವಿ ತರ್ತೀನ್ರಿ. ಅವನ ಮೈಮ್ಯಾಲಿಂದು.”

“ಅವ ಎಲ್ಲಿ ಅದಾನ ಗೊತ್ತೇನು?”

“ಹೊಸ ಬಳಿ ತೊಟ್ಟ ಕೈ ಕೇಳಕೋತ ಹೋಗ್ತೀನ್ರಿ.”

ಮರುದಿನ ನಸುಕಿಗೆ ಯಮನೂರ ಅವನನ್ನು ದಾಟಿಸಿದ. ಭರಮಪ್ಪ ಊರೂರಲ್ಲಿ ಹೊಸ ಬಳೆ ಕಂಡ ಕೈಗಳನ್ನು ಕೇಳಿದ. ಆ ಕೈಗಳು ದಾರಿ ತೋರಿಸಿದವು. ಮಧ್ಯಾಹ್ನಕ್ಕೆ ಮೂರನೆಯ ಊರಿನಲ್ಲಿ ನೀಲಗಂಗವ್ವ ಅನ್ನುವ ಮುದುಕಿಯ ಮನೆ ಸಿಕ್ಕಿತು. ಬಳೆಗಾರ ಇಳಿದುಕೊಳ್ಳುತ್ತಿದ್ದ ಮನೆ.

“ಚಂದ್ರಾಮಣ್ಣ ಅದಾನೇನವ್ವಾ?”

ಮುದುಕಿ ಅವನನ್ನು ಕೂರಿಸಿ ನೀರು ಕೊಟ್ಟಳು. ಆಮೇಲೆ ಹೇಳಿದಳು.

“ಜ್ವರ ಬಂದು ಎರಡು ದಿನ ಮಲಗಿದ. ನಿನ್ನಿ ಹೋದ. ಊರವರ ಕೂಡಿ ಮಣ್ಣು ಕೊಟ್ವಿ. ಹಿಂದಿಲ್ಲ ಮುಂದಿಲ್ಲ ಅವಗ. ಒಂದು ಕುದುರಿ ಐತಿ ಅಂತಿದ್ದ, ಅಷ್ಟ. ನೀ ಅವಗ ಏನಾಗಬೇಕಪ್ಪಾ?”

“ಕುದುರಿ ಕಡೆಯವ.”

ಅವಳು ಒಳಗಿನಿಂದ ಒಂದು ರುಮಾಲು ತಂದಳು. “ಮಲಗಿದಾಗೂ ತಲಿಗೆ ಇದ ಇತ್ತು. ನಾಳಿ ಹೊಳಿಗೆ ಬಿಡಬೇಕಂತ ಮಾಡಿದ್ದೆ. ನಿನಗ ಬೇಕೇನು? ತಡಿ, ಎರಡು ನೀರಾಗ ತಗದು ಕೊಡ್ತೀನಿ.”

“ಬ್ಯಾಡವ್ವಾ.”

“ಹೊಲಸಾಗೇತಲ್ಲೋ.”

“ಹಂಗ ಇರ್ಲಿ. ನೀರು ಹಾಕಬ್ಯಾಡ.”

ಬರುವಾಗ ರುಮಾಲನ್ನು ಅಂಗಿಯೊಳಗೆ ಇಟ್ಟುಕೊಂಡ. ಹರಿಗೋಲಿನಲ್ಲಿ ನೀರು ಸಿಡಿದಾಗ ಎದೆ ಮುಚ್ಚಿಕೊಂಡು ಕುಳಿತ.

ಹೊತ್ತು ಮುಳುಗುವಾಗ ಮಠದ ಕಟ್ಟೆಗೆ ಬಂದ. ಕೆಂಚಿಯ ಹತ್ತಿರ ಹೋಗಲಿಲ್ಲ.

“ಸಿಕ್ಕನೇನು?” ಅಂದರು ಅಜ್ಜ.

“ಸತ್ತಾನ್ರಿ. ರುಮಾಲು ಸಿಕ್ಕತ್ರಿ.”

ಭರಮಪ್ಪ ಅಂಗಿಯ ಮೇಲೆ ಕೈ ಇಟ್ಟ.

“ಇದನ್ನ ಕಟ್ಟಿದ್ರ ಮೇಯ್ತೈತಿ. ಆದರ ಧಣಿ ಬರ್ತಾನ ಅಂತ ಮೇಯ್ತೈತ್ರಿ. ಅವ ಬರೂದಿಲ್ಲ. ಸುಳ್ಳಾತಲ್ರಿ ಅಜ್ಜಾರ.”

“ಬರ್ತಾನ ಅಂತ ನೀ ಅದಕ್ಕ ಹೇಳ್ತೀಯೇನು?”

“ಇಲ್ರಿ.”

“ಬರೂದಿಲ್ಲ ಅಂತ?”

“ಹೆಂಗ ಹೇಳಲ್ರಿ? ಮೂಕ ಪ್ರಾಣಿ.”

“ಮಾತು ಬಂದವರಿಗೆ ಹೇಳಿದ್ರ ತಿಳೀತೈತೇನು?”

ಭರಮಪ್ಪ ನೆಲ ನೋಡಿದ.

“ನನ್ನಾಕಿ ಹೋದ ಮೂರನೇ ದಿನಕ್ಕ ಎಲ್ಲಾ ಒಗದು ಹಾಕಿದೆ ಅಜ್ಜಾರ. ತಲಿದಿಂಬಿನಾಗ ಎಣ್ಣಿ ವಾಸನಿ ಇತ್ತು. ಮೂರು ಸರತಿ ಒಗದೆ, ಹೋಗೂತನಕ.”

ಅಜ್ಜ ಎದ್ದು ಒಳಗೆ ಹೋದರು. ಎರಡು ರೊಟ್ಟಿ ತಂದು ಅವನ ಮುಂದೆ ಇಟ್ಟರು. ಅವನು ಮುಟ್ಟಲಿಲ್ಲ.

“ಕುದುರಿಗೆ ಕೊಡ್ತೀ, ನೀ ತಿನ್ನೂದಿಲ್ಲ,” ಅಂದರು.

ಅವನು ಒಂದು ರೊಟ್ಟಿ ತಿಂದ.

ಬೆಳಗಾಯಿತು. ಭರಮಪ್ಪ ಲಾಯಕ್ಕೆ ಹೋದ. ಕೆಂಚಿ ತಲೆ ಜೋಲು ಹಾಕಿ ನಿಂತಿತ್ತು. ಕಣ್ಣು ಗುಳಿ ಬಿದ್ದಿದ್ದವು.

ಅವನು ಅಂಗಿಯೊಳಗಿಂದ ರುಮಾಲು ತೆಗೆದ. ಗೂಟಕ್ಕೆ ಎರಡು ಸುತ್ತು ಸುತ್ತಿ ಕಟ್ಟಿದ.

ಕುದುರೆಯ ಕಿವಿ ನೆಟ್ಟಗಾದವು. ಒಂದು ಹೆಜ್ಜೆ ಮುಂದೆ ಬಂತು. ಮೂತಿಯನ್ನು ರುಮಾಲಿಗೆ ಒತ್ತಿ ಉಸಿರು ಎಳೆದುಕೊಂಡಿತು. ಬಿಟ್ಟಿತು. ಮತ್ತೆ ಎಳೆದುಕೊಂಡಿತು. ಮೈಯೆಲ್ಲ ಒಮ್ಮೆ ಅದುರಿತು.

ಭರಮಪ್ಪ ಕದಲಲಿಲ್ಲ. ಅದರ ಕುತ್ತಿಗೆಗೆ ಕೈ ಇಟ್ಟುಕೊಂಡು ನಿಂತ. ಅವನ ಕಣ್ಣಲ್ಲಿ ನೀರು ಬಂತು. ಯಾವಾಗಲೂ ಕೈಗೆ ಕೆಲಸ ಹುಡುಕುತ್ತಿದ್ದ ಆ ಮನುಷ್ಯ, ಅದನ್ನು ಒರೆಸಲಿಲ್ಲ.

ಹೊತ್ತು ಮಾರುದ್ದ ಏರಿದ ಮೇಲೆ ಕೆಂಚಿ ಕುತ್ತಿಗೆ ಬಗ್ಗಿಸಿತು. ಗೋದಲಿಯಲ್ಲಿ ಮೂತಿ ಆಡಿಸಿತು. ಒಂದು ತುತ್ತು ಹುರುಳಿ ಬಾಯಿಗೆ ತೆಗೆದುಕೊಂಡಿತು. ಸವೆದ ಹಲ್ಲಿನಲ್ಲಿ ಮೆಲ್ಲಗೆ ಅಗಿಯತೊಡಗಿತು.

ಬಾಗಿಲಲ್ಲಿ ಅಜ್ಜ ನಿಂತಿದ್ದರು.

ಭರಮಪ್ಪ ತಿರುಗದೆ ಕೇಳಿದ. “ಅಜ್ಜಾರ, ಈ ವಾಸನಿ ಎಷ್ಟು ದಿನ ಇರ್ತೈತ್ರಿ?”

“ದಿನಾ ಒಂದೀಟು ಹೋಗ್ತೈತಿ.”

“ಪೂರಾ ಹೋದ ದಿನ ಇದು ಏನು ಮಾಡ್ತೈತ್ರಿ?”

“ಅದನ್ನ ಕುದುರಿಗೆ ಬಿಡು ಭರಮಾ. ನೀ ಸಂಜಿ ಹುರಳಿ ನೆನಿ ಹಾಕು.”