ಬೆಳಗಿದ ಒಂದು ಹರಳು

"ಸರ್, ಹದಿನಾಲ್ಕರಲ್ಲಿ ಒಂದೇ ಬೆಳಗಿತು. ಆ ಒಂದರ ವಿಷಯವನ್ನಷ್ಟೇ ಬರೆದರೆ ತಪ್ಪಾಗುತ್ತದೆಯೇ?"

ಹಾಲೇಶ ಹೀಗೆ ಕೇಳಿದ್ದು ತನ್ನ ಗುರುಗಳಾದ ಗುರುಪಾದಪ್ಪನವರನ್ನು. ಅವರು ನಿವೃತ್ತಿಗೆ ಹತ್ತಿರವಾಗಿದ್ದ ಪ್ರಾಧ್ಯಾಪಕರು. ಹಾಲೇಶ ಅವರ ಕೊನೆಯ ಶಿಷ್ಯ. ಬೆಳಕು ಕೊಡುವ ಅರೆವಾಹಕದ ಬಿಲ್ಲೆಗಳನ್ನು ಮಾಡುವುದು ಅವನ ಕೆಲಸ. ಮೂರು ವರ್ಷ ದುಡಿದು ಹದಿನಾಲ್ಕು ಬಿಲ್ಲೆ ಮಾಡಿದ್ದ. ಹದಿಮೂರು ಸುಮ್ಮನಿದ್ದವು. ಒಂದು ಮಾತ್ರ ವಿದ್ಯುತ್ತು ಹರಿಸಿದ ಕೂಡಲೇ ನೀಲಿಯಾಗಿ ಬೆಳಗಿತ್ತು. ಪ್ರಬಂಧ ಬರೆದು ಮುಗಿಸಿ ಗುರುಗಳ ಮೇಜಿನ ಮೇಲಿಟ್ಟಿದ್ದ. ಅದರಲ್ಲಿ ಹದಿಮೂರರ ಮಾತೇ ಇರಲಿಲ್ಲ.

"ಎಲ್ಲರೂ ಹಾಗೇ ಬರೆಯುತ್ತಾರೆ ಸರ್," ಎಂದು ಅವನೇ ಸೇರಿಸಿದ.

ಗುರುಪಾದಪ್ಪನವರು ಕುರ್ಚಿ ತೋರಿಸಿದರು. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬಳು ಸಂಶೋಧಕಿ ಇದ್ದಳು. ಅವಳ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದ. ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಅದರ ಜಾಗಕ್ಕೆ ಕೂರಿಸುವುದನ್ನು ಅವಳು ತಂದೆಯ ಪಕ್ಕದಲ್ಲಿ ಕೂತೇ ಕಲಿತಿದ್ದಳು. ಮುಂದೆ ಓದಿ ಭೌತವಿಜ್ಞಾನಕ್ಕೆ ಬಂದಳು. ಅವಳದು ನಡುಗದ ಕೈ ಎಂದು ಪ್ರಯೋಗಶಾಲೆಯಲ್ಲಿ ಹೆಸರಾಯಿತು. ಯಾರ ಮೇಜಿನ ಮೇಲಾದರೂ ಕನ್ನಡಿ ಎಳ್ಳಷ್ಟು ಓರೆಯಾಗಿ ಬೆಳಕು ದಾರಿ ತಪ್ಪಿದರೆ ಅವಳನ್ನೇ ಕರೆಯುತ್ತಿದ್ದರು.

ಅವಳು ಸಂಶೋಧನೆಗೆ ಸೇರಿದ ವರ್ಷವೇ ದೂರದ ಊರಿನ ಒಬ್ಬ ವಿಜ್ಞಾನಿಯ ಪ್ರಬಂಧ ಹೊರಬಂತು. ಆತ ಹೊಸ ಬಗೆಯ ಒಂದು ಹರಳನ್ನು ಬೆಳೆಸಿದ್ದ. ಅದನ್ನು ಎರಡು ಕನ್ನಡಿಗಳ ನಡುವೆ ಇಟ್ಟು ಹಸಿರು ಲೇಸರ್ ಹಾಯಿಸಿದರೆ, ಆ ಹರಳಿನಿಂದಲೇ ಕಡುಗೆಂಪು ಲೇಸರ್ ಹೊಮ್ಮುತ್ತಿತ್ತು. ಅಂಥ ಹರಳಿಗಾಗಿ ಬಹಳ ಜನ ಕಾದಿದ್ದರು. ಪ್ರಬಂಧ ನಾಲ್ಕೇ ಪುಟದ್ದು. ಯಾವ ಪುಡಿ ಎಷ್ಟು ಪಾಲು, ಕುಲುಮೆಯ ಶಾಖ ಎಷ್ಟು, ಹರಳನ್ನು ಎಷ್ಟು ನಿಧಾನವಾಗಿ ಮೇಲೆತ್ತಬೇಕು, ಎಲ್ಲವನ್ನೂ ಆತ ಬಿಡಿಸಿ ಬರೆದಿದ್ದ.

ಅವಳ ಮಾರ್ಗದರ್ಶಕರು ಆ ನಾಲ್ಕು ಪುಟಗಳನ್ನು ಅವಳ ಕೈಗೆ ಕೊಟ್ಟರು.

"ಕಷ್ಟದ್ದನ್ನು ಅವರೇ ಮುಗಿಸಿದ್ದಾರೆ. ನೀನು ಮೊದಲು ಈ ಹರಳು ಬೆಳೆಸಿಕೋ. ನಿನ್ನ ನಿಜವಾದ ಕೆಲಸ ಆಮೇಲೆ ಶುರುವಾಗುತ್ತದೆ," ಎಂದರು.

ಆರು ತಿಂಗಳು ಸಾಕೆಂದು ಅವಳು ಲೆಕ್ಕ ಹಾಕಿದಳು.

ಹರಳು ಬೆಳೆಸುವುದು ಎಂದರೆ ಹೀಗೆ. ಪುಡಿಯನ್ನು ಮೂಸೆಯಲ್ಲಿ ಕರಗಿಸಬೇಕು. ಬೀಜದಂಥ ಒಂದು ಸಣ್ಣ ಹರಳನ್ನು ಆ ದ್ರವದ ಮೈಗೆ ಮುಟ್ಟಿಸಬೇಕು. ಅದನ್ನು ತಿರುಗಿಸುತ್ತ, ಕಣ್ಣಿಗೆ ಗೊತ್ತಾಗದಷ್ಟು ನಿಧಾನವಾಗಿ ಮೇಲೆತ್ತುತ್ತ ಹೋಗಬೇಕು. ಆರು ದಿನ ಹಿಡಿಯುತ್ತದೆ. ನಡುವೆ ಶಾಖ ಏರುಪೇರಾದರೆ ಹರಳು ಸೀಳುತ್ತದೆ. ಮೊದಲ ಹರಳು ಐದನೆಯ ದಿನ ಕರೆಂಟು ಹೋಗಿ ಸೀಳಿತು. ಎರಡನೆಯದನ್ನು ಅವಳು ಕಾದು ಕೂತು ಇಳಿಸಿದಳು. ಸೀಳಲಿಲ್ಲ. ಕೊಯ್ದು, ಉಜ್ಜಿ, ಮೆರುಗು ಕೊಟ್ಟು, ಕನ್ನಡಿಗಳ ನಡುವೆ ಇಟ್ಟು ಹಸಿರು ಬೆಳಕು ಹಾಯಿಸಿದಳು. ಹಸಿರು ಬೆಳಕು ಒಳಗೆ ಹೋಯಿತು. ಹರಳು ಕೊಂಚ ಬೆಚ್ಚಗಾಯಿತು. ಇನ್ನೇನೂ ಆಗಲಿಲ್ಲ.

ಮೊದಲ ವರ್ಷ ಒಂಬತ್ತು ಹರಳು ಬೆಳೆಸಿದಳು. ಒಂದೂ ಬೆಳಗಲಿಲ್ಲ.

ಅವಳು ಪ್ರಬಂಧವನ್ನು ಮತ್ತೆ ಓದಿದಳು. ಪುಡಿ ಬದಲಾಯಿಸಿದಳು, ಮೂಸೆ ಬದಲಾಯಿಸಿದಳು. ಮೆರುಗು ಕೊಡುವುದರಲ್ಲಿ ತಪ್ಪಿರಬಹುದೆಂದು ಒಂದು ವಾರ ಅದನ್ನೇ ಅಭ್ಯಾಸ ಮಾಡಿದಳು. ಕೊನೆಗೆ ಆ ವಿಜ್ಞಾನಿಗೆ ಪತ್ರ ಬರೆದಳು. ಆತ ಉತ್ತರ ಕೊಟ್ಟ. "ಪ್ರಬಂಧದಲ್ಲಿ ಬರೆದಿರುವಂತೆಯೇ ನಾನು ಮಾಡಿದ್ದು. ಬೇರೆ ಗುಟ್ಟೇನೂ ಇಲ್ಲ. ಪುಡಿಯ ಶುದ್ಧತೆಯನ್ನು ಇನ್ನೊಮ್ಮೆ ನೋಡಿಕೊಳ್ಳಿ," ಎಂದಿದ್ದ. ಅವಳು ನೋಡಿಕೊಂಡಳು. ಪುಡಿ ಶುದ್ಧವಾಗಿಯೇ ಇತ್ತು.

ತಂದೆ ಮೊದಮೊದಲು ಅವಳು ಮನೆಗೆ ಬಂದ ಕೂಡಲೇ ಕೇಳುತ್ತಿದ್ದ. "ಬೆಳಗಿತೇನಮ್ಮಾ?"

"ಇಲ್ಲಪ್ಪಾ."

ಮೂರನೆಯ ವರ್ಷದ ಹೊತ್ತಿಗೆ ಆತ ಕೇಳುವುದನ್ನು ಬಿಟ್ಟ. ಕೇಳದೆ ಇರುವುದೇ ಅವಳಿಗೆ ಹೆಚ್ಚು ಕಷ್ಟವಾಯಿತು.

ತಂಗಿಯ ಮದುವೆಯ ದಿನ ಕುಲುಮೆಯಲ್ಲಿ ಹರಳು ಏರುತ್ತಿತ್ತು. ಅವಳು ಧಾರೆ ಮುಗಿಯುವ ತನಕ ನಿಂತು, ಊಟಕ್ಕೂ ಕೂರದೆ ಪ್ರಯೋಗಶಾಲೆಗೆ ಓಡಿದಳು. ಅದು ಇಪ್ಪತ್ತನೆಯ ಹರಳು. ಅದೂ ಬೆಳಗಲಿಲ್ಲ.

ಒಮ್ಮೆ ಬೇರೆ ಊರಿನಲ್ಲಿ ವಿಜ್ಞಾನಿಗಳ ಸಮ್ಮೇಳನ ನಡೆಯಿತು. ಅಲ್ಲಿ ಚಹಾ ಕುಡಿಯುವಾಗ ಒಬ್ಬ ಪರಿಚಯ ಮಾಡಿಕೊಂಡ. ಅವನೂ ಅದೇ ಹರಳನ್ನು ಬೆಳೆಸುತ್ತಿದ್ದಾನೆಂದು ತಿಳಿಯಿತು. "ನಿಮ್ಮದು ಹೇಗೆ ನಡೆದಿದೆ?" ಎಂದು ಕೇಳಿದ. ಅವಳ ಬಾಯಿಗೆ ನಿಜ ಬರಲಿಲ್ಲ. "ನಡೆಯುತ್ತಿದೆ," ಎಂದಳು. "ನಮ್ಮದೂ ನಡೆಯುತ್ತಿದೆ," ಎಂದು ಅವನೂ ಹೇಳಿ ಲೋಟ ಕೆಳಗಿಟ್ಟು ಹೊರಟುಹೋದ. ಅವನ ಹರಳು ಬೆಳಗಿದೆ, ತನ್ನದು ಮಾತ್ರ ಇಲ್ಲ ಎಂದು ಅವಳು ತಿಳಿದಳು. ಊರಿಗೆ ಬರುವವರೆಗೂ ರೈಲಿನಲ್ಲಿ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು.

ಅಲ್ಲಿಂದ ಅವಳಿಗೆ ತನ್ನ ಕೈಯ ಮೇಲಿನ ನಂಬಿಕೆ ಹೋಯಿತು. ಬೇರೆಯವರು ಕನ್ನಡಿ ಸರಿಮಾಡಲು ಕರೆದರೆ, ಬೇರೆ ಯಾರನ್ನಾದರೂ ಕರೆಯಿರಿ ಎನ್ನುತ್ತಿದ್ದಳು. ಮಾರ್ಗದರ್ಶಕರು ಕೆಟ್ಟವರಲ್ಲ. ಆದರೆ ಅವರೂ ಒಂದು ದಿನ ಬಾಯಿಬಿಟ್ಟರು.

"ನೋಡಮ್ಮಾ, ಆ ಪ್ರಬಂಧದಲ್ಲಿ ತಪ್ಪಿಲ್ಲ. ನಾನೂ ಸಾಲು ಸಾಲಾಗಿ ನೋಡಿದ್ದೇನೆ. ಅಂದಮೇಲೆ ತಪ್ಪು ಎಲ್ಲಿದೆ ಎಂದು ನೀನೇ ಯೋಚಿಸು."

ಅವಳು ಯೋಚಿಸಿದಳು. ತಪ್ಪು ತನ್ನಲ್ಲೇ ಇದೆ ಎಂದು ಒಪ್ಪಿಕೊಂಡಳು. ಒಪ್ಪಿಕೊಂಡಮೇಲೆ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ತಪ್ಪು ತನ್ನದಾದರೆ ತಿದ್ದಿಕೊಳ್ಳುವುದೂ ತನ್ನ ಕೈಯಲ್ಲೇ ಇದೆ ಅನ್ನಿಸಿತು.

ಆರನೆಯ ವರ್ಷ ನಲವತ್ತೊಂದನೆಯ ಹರಳು ಇಳಿಯಿತು. ಅಷ್ಟು ತಿಳಿಯಾದ ಹರಳು ಅದುವರೆಗೆ ಅವಳ ಕುಲುಮೆಯಿಂದ ಬಂದಿರಲಿಲ್ಲ. ಕೊಯ್ದು ಮೆರುಗು ಕೊಟ್ಟಳು. ಒಂದು ಮಧ್ಯಾಹ್ನ ಅದನ್ನು ಕನ್ನಡಿಗಳ ನಡುವೆ ನಿಲ್ಲಿಸಿದಳು. ಕಣ್ಣಿನ ರಕ್ಷಣೆಗೆ ಹಾಕುವ ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡಳು. ಹಸಿರು ಲೇಸರ್ ಬಿಟ್ಟಳು. ಎದುರಿಗಿದ್ದ ಬಿಳಿ ಕಾಗದದ ಮೇಲೆ ಏನೋ ಕಂಡಂತಾಯಿತು. ಇತ್ತೋ ಇಲ್ಲವೋ ಎಂಬಷ್ಟು ಮಂದವಾದ ಒಂದು ಕೆಂಪು ಚುಕ್ಕೆ. ಕನ್ನಡಕದಿಂದ ಅದು ಸರಿಯಾಗಿ ತಿಳಿಯುತ್ತಿರಲಿಲ್ಲ.

ಮೊದಲು ಲೇಸರ್ ನಿಲ್ಲಿಸಬೇಕೆಂಬುದು ಅವಳಿಗೆ ಗೊತ್ತಿತ್ತು. ಹೊಸಬರಿಗೆ ಅವಳೇ ಅದನ್ನು ಹೇಳಿಕೊಡುತ್ತಿದ್ದಳು. ಆದರೆ ಆರು ವರ್ಷ ಕಾದ ಚುಕ್ಕೆ ಅದು. ಕನ್ನಡಕವನ್ನು ಹಣೆಗೆ ಏರಿಸಿ ಬಗ್ಗಿದಳು.

ಹರಳಿನ ಮೆರುಗಿನ ಮೈಗೆ ತಾಗಿ ಹಿಂದಿರುಗಿದ ಒಂದು ಹಸಿರು ಎಳೆ ಅವಳ ಬಲಗಣ್ಣನ್ನು ಹೊಕ್ಕಿತು. ಕಣ್ಣಿನೊಳಗೆ ಟಪ್ಪೆಂದು ಸಣ್ಣ ಸದ್ದಾಯಿತು. ನೋವಾಗಲಿಲ್ಲ. ಅವಳು ಲೇಸರ್ ನಿಲ್ಲಿಸಿ, ಕಾಗದ ಕೈಗೆತ್ತಿಕೊಂಡು ನೋಡಿದಳು. ಎಡಗಣ್ಣಿಗೆ ಬಿಳಿ ಕಾಗದ ಕಂಡಿತು. ಬಲಗಣ್ಣಿಗೆ ನಡುವೆ ಒಂದು ಕಪ್ಪು ತೂತು ಕಂಡಿತು. ಅವಳು ಎತ್ತ ನೋಡಿದರೆ ಅತ್ತ ಆ ತೂತೂ ಹೋಯಿತು.

"ಕಣ್ಣಿನ ಪರದೆಯ ನಟ್ಟನಡುವೆಯೇ ಸುಟ್ಟಿದೆ," ಎಂದರು ವೈದ್ಯರು. "ಆ ದೃಷ್ಟಿ ಮತ್ತೆ ಬರುವುದಿಲ್ಲ."

ಸಂಸ್ಥೆಯವರು ವಿಚಾರಣೆ ಮಾಡಿದರು. ಕನ್ನಡಕ ತೆಗೆದದ್ದು ಅವಳದೇ ತಪ್ಪು ಎಂದು ಬರೆದರು. ಅದು ನಿಜವೇ ಆಗಿತ್ತು.

ಕಾಗದದ ಮೇಲೆ ಕೆಂಪು ಚುಕ್ಕೆ ಇತ್ತೇ ಎಂದು ಬೇರೆಯವರು ನಲವತ್ತೊಂದನೆಯ ಹರಳನ್ನು ಪರೀಕ್ಷಿಸಿದರು. ಇರಲಿಲ್ಲ. ಅವಳ ಮನಸ್ಸು ಕಾಣಬಯಸಿದ್ದನ್ನು ಕಣ್ಣು ತೋರಿಸಿತ್ತು.

ಎರಡು ಕಣ್ಣೂ ನೆಟ್ಟಗಿಲ್ಲದಿದ್ದರೆ ಸಣ್ಣ ಕೆಲಸದಲ್ಲಿ ಆಳ ತಿಳಿಯುವುದಿಲ್ಲ. ಚಿಮಟ ಹಿಡಿದ ಕೈ ವಸ್ತುವಿನ ಆಚೆಗೋ ಈಚೆಗೋ ಬೀಳುತ್ತಿತ್ತು. ಈಗ ಅವಳ ಕೈ ನಿಜವಾಗಿಯೂ ಕೆಲಸಕ್ಕೆ ಬಾರದ್ದಾಯಿತು.

ಎರಡು ತಿಂಗಳ ನಂತರ ಅವಳು ರೈಲು ಹತ್ತಿ ಆ ವಿಜ್ಞಾನಿಯ ಊರಿಗೆ ಹೋದಳು. ಜಗಳವಾಡಲು ಹೋದದ್ದಲ್ಲ. ತನ್ನ ತಪ್ಪು ಯಾವುದು ಎಂದು ತಿಳಿದುಕೊಂಡರೆ ಸಾಕಾಗಿತ್ತು. ಆತನಿಗೆ ಆಗಲೇ ವಯಸ್ಸಾಗಿತ್ತು. ಗೋಡೆಯ ಮೇಲೆ ಸನ್ಮಾನದ ಫಲಕಗಳಿದ್ದವು. ಹೆಸರು ಹೇಳಿದ ಕೂಡಲೇ ಅವಳ ಪತ್ರ ನೆನಪಿಸಿಕೊಂಡು ಆದರದಿಂದ ಕೂರಿಸಿದ. ಅವಳು ತನ್ನ ಟಿಪ್ಪಣಿ ಪುಸ್ತಕಗಳನ್ನು ಮುಂದಿಟ್ಟಳು. ಆತ ಒಂದೊಂದೇ ಹಾಳೆ ತಿರುವಿದ. ಬಹಳ ಹೊತ್ತು ಹಿಡಿಯಿತು.

"ನಿಮ್ಮ ಕೆಲಸದಲ್ಲಿ ಯಾವ ತಪ್ಪೂ ಇಲ್ಲ," ಎಂದ.

ಎದ್ದು ಬೀರು ತೆರೆದ. ಒಳಗಿಂದ ಚಿಕ್ಕ ಚಿಕ್ಕ ಡಬ್ಬಿಗಳನ್ನು ತಂದು ಮೇಜಿನ ಮೇಲೆ ಜೋಡಿಸಿದ. ಇಪ್ಪತ್ತಮೂರು ಡಬ್ಬಿಗಳು. ಪ್ರತಿಯೊಂದರಲ್ಲೂ ಒಂದು ಹರಳು. ಅವಳು ತಲೆ ವಾಲಿಸಿ ಎಡಗಣ್ಣಿನಿಂದ ಒಂದೊಂದನ್ನೇ ನೋಡಿದಳು. ಆತ ಒಂದು ಡಬ್ಬಿಯನ್ನು ಬೆರಳಿನಿಂದ ಮುಂದೆ ತಳ್ಳಿದ.

"ಬೆಳಗಿದ್ದು ಇದೊಂದೇ, ಒಂಬತ್ತನೆಯದು. ಅದರ ಹಿಂದಿನವೂ ಮುಂದಿನವೂ ಅದೇ ಕ್ರಮದಲ್ಲಿ ಬೆಳೆಸಿದ್ದು. ಅವು ಯಾಕೆ ಬೆಳಗಲಿಲ್ಲವೋ ನನಗೆ ತಿಳಿಯದು. ಇದು ಯಾಕೆ ಬೆಳಗಿತೋ ಅದೂ ತಿಳಿಯದು."

"ಇದನ್ನು ಯಾಕೆ ಬರೆಯಲಿಲ್ಲ ಸರ್?"

ಆತ ಯೋಚಿಸಿಯೇ ಉತ್ತರ ಕೊಟ್ಟ. "ಉಳಿದವು ನನ್ನ ಕೈಯ ತಪ್ಪಿನಿಂದ ಕೆಟ್ಟವು ಎಂದುಕೊಂಡಿದ್ದೆ. ನನ್ನ ಕೈಯ ತಪ್ಪನ್ನು ಊರಿಗೆಲ್ಲ ಯಾಕೆ ಹೇಳಲಿ ಅನ್ನಿಸಿತು." ಆಮೇಲೆ ಮೆಲ್ಲಗೆ ಕೇಳಿದ: "ನೀವು ನಲವತ್ತೊಂದು ಬೆಳೆಸಿದಿರಿ. ಅದನ್ನು ನೀವು ಎಲ್ಲಾದರೂ ಬರೆದಿರಾ?"

ಅವಳು ಬರೆದಿರಲಿಲ್ಲ. ಸಮ್ಮೇಳನದಲ್ಲಿ ಚಹಾದ ಲೋಟ ಕೆಳಗಿಟ್ಟು ಹೋದವನ ಹರಳುಗಳೂ ಬೆಳಗಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಎಷ್ಟು ಊರುಗಳಲ್ಲಿ ಎಷ್ಟು ಜನ ತಮ್ಮ ತಮ್ಮ ಕೈಯನ್ನೇ ಬೈದುಕೊಂಡು ಕುಲುಮೆಯ ಮುಂದೆ ಕೂತಿದ್ದರೋ, ಯಾರಿಗೆ ಗೊತ್ತು.

ಹೊರಡುವಾಗ ಆತ, "ಕಣ್ಣಿಗೆ ಏನಾಗಿದೆ?" ಎಂದ. ಅವಳು ಹೇಳಿದಳು. ಆತ ಕುರ್ಚಿಯಲ್ಲಿ ಹಾಗೇ ಕೂತ. ಬಾಗಿಲವರೆಗೆ ಬಂದು ಬೀಳ್ಕೊಡಲಿಲ್ಲ.

ಊರಿಗೆ ಬಂದು ಅವಳು ಬರೆದಳು. ತನ್ನ ನಲವತ್ತೊಂದು, ಆತ ಅನುಮತಿ ಕೊಟ್ಟ ಆತನ ಇಪ್ಪತ್ತೆರಡು, ಎಲ್ಲದರ ವಿವರವನ್ನೂ ಒಂದೂ ಬಿಡದೆ ಬರೆದಳು. ಮೂರು ಪತ್ರಿಕೆಗಳಿಗೆ ಕಳಿಸಿದಳು. ಮೂರೂ ಹಿಂದಕ್ಕೆ ಬಂದವು. ಬೆಳಗದ ಹರಳಿನಲ್ಲಿ ಹೊಸತೇನಿದೆ ಎಂದು ಒಬ್ಬರು ಕೇಳಿದ್ದರು. ಇನ್ನೊಬ್ಬರು, ಇದು ಬರೆದವರ ಕೈಚಳಕದ ಕೊರತೆ ಇರಬಹುದು ಎಂದಿದ್ದರು. ಅವಳು ನಾಲ್ಕನೆಯ ಪತ್ರಿಕೆಗೆ ಕಳಿಸಲಿಲ್ಲ. ಸಂಶೋಧನೆ ಬಿಟ್ಟು ಒಂದು ಹೈಸ್ಕೂಲಿನಲ್ಲಿ ಪಾಠ ಹೇಳಲು ಸೇರಿದಳು. ಆ ವಿಜ್ಞಾನಿ ಎರಡು ವರ್ಷದಲ್ಲಿ ತೀರಿಕೊಂಡ. ನಾಲ್ಕು ಪುಟದ ಆ ಪ್ರಬಂಧ ಇವತ್ತಿಗೂ ಇದೆ. ಅದರಲ್ಲಿ ತಪ್ಪಿಲ್ಲದಿರುವುದರಿಂದ ಅದನ್ನು ಹಿಂದಕ್ಕೆ ತೆಗೆಸುವಂತೆಯೂ ಇಲ್ಲ. ಹೊಸಬರು ಓದುತ್ತಾರೆ, ಕುಲುಮೆ ಹೊತ್ತಿಸುತ್ತಾರೆ.

ಗುರುಪಾದಪ್ಪನವರು ಇಲ್ಲಿಗೆ ನಿಲ್ಲಿಸಿದರು.

ಹಾಲೇಶ ತನ್ನ ಪ್ರಬಂಧದ ಅಂಚನ್ನು ಸರಿಮಾಡಿದ. ಆಮೇಲೆ ತಲೆ ಎತ್ತದೆಯೇ ಕೇಳಿದ. "ಆದರೂ ಸರ್, ಆತ ಬರೆದದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲವಲ್ಲ?"

"ಇರಲಿಲ್ಲ," ಎಂದರು ಗುರುಪಾದಪ್ಪನವರು. "ಒಂದಾದರೂ ಇದ್ದಿದ್ದರೆ ಅವಳು ಮೊದಲ ವರ್ಷವೇ ಅದನ್ನು ಹಿಡಿದು, ಕಣ್ಣು ಉಳಿಸಿಕೊಳ್ಳುತ್ತಿದ್ದಳು."