ಚನ್ನಮಲ್ಲನ ಕಾಲ್ಗುಣ

ಮಲಪ್ರಭೆಯ ದಂಡೆಯ ಮಠದಲ್ಲಿ ಚನ್ನಮಲ್ಲ ಎಂಬ ಶಿಷ್ಯನಿದ್ದ. ದೇವರನ್ನು ಹುಡುಕಿಕೊಂಡು ಬಂದವನಲ್ಲ. ತನ್ನ ಕಾಲ್ಗುಣಕ್ಕೆ ಹೆದರಿ ಬಂದವನು.

ಅವನನ್ನು ಹೆತ್ತ ದಿನವೇ ತಾಯಿ ತೀರಿಕೊಂಡಿದ್ದಳು. ತಾಯಿಯನ್ನು ತಿಂದವನು ಎಂದು ಊರು ಅಂದಿತು. ಅವನೂ ನಂಬಿದ.

ಅಕ್ಕ ನಾಗವ್ವ ಮಾತ್ರ ಒಂದು ದಿನವೂ ಹಾಗನ್ನಲಿಲ್ಲ. ಅವನನ್ನು ಕಂಕುಳಲ್ಲಿ ಹೊತ್ತು ಸಾಕಿದವಳೇ ಅವಳು. ಆದರೆ ಊರೆಲ್ಲ ಒಂದು ಹೇಳುವಾಗ ಒಬ್ಬಳ ಮಾತು ಎಲ್ಲಿ ನಿಲ್ಲುತ್ತದೆ?

ಅಕ್ಕನ ಮದುವೆಯಾದ ಮೇಲೆ ಒಮ್ಮೆ ಅವಳ ಮನೆಗೆ ಹೋಗಿದ್ದ. ಮರುವಾರ ಅವಳ ಬಸಿರು ಇಳಿಯಿತು. ಆಮೇಲೆ ಅವನು ಮಠ ಸೇರಿದ, ಯಾರ ಹೊಸ್ತಿಲನ್ನೂ ದಾಟಲಿಲ್ಲ.

ಏಳು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಅಕ್ಕನ ಊರಿನ ಸೂಲಗಿತ್ತಿ ಹುಲಿಗೆವ್ವ ಮಠಕ್ಕೆ ಬಂದಳು.

"ಚನ್ನಾ, ನಿಮ್ಮಕ್ಕ ಹಡದಾಳ. ಹೆಣ್ಣು ಕೂಸು. ಆದ್ರ ಆಕಿಗೆ ಜ್ವರ ಬಿಟ್ಟಿಲ್ಲ. ಗಂಜಿ ಒಲ್ಲೆ, ಔಷಧ ಒಲ್ಲೆ ಅಂತಾಳ. ನಿನ್ನ ನೋಡಬೇಕಂತ."

ಚನ್ನಮಲ್ಲ ತಲೆ ಅಲ್ಲಾಡಿಸಿದ.

ಗುರುಗಳು, "ಹೋಗು" ಎಂದರು.

"ಅಜ್ಜಾರ, ನಾ ಹೋದ್ರ ಅಕ್ಕ ಉಳಿಯಾಂಗಿಲ್ಲ."

"ಯಾರು ಹೇಳಿದ್ರು?"

"ಎಲ್ಲಾರೂ."

"ಅಕ್ಕ ಹೇಳಿದಳೇನು?"

ಅವನು ಎದ್ದು ನದಿಯ ಕಡೆ ನಡೆದ. ಹುಲಿಗೆವ್ವ ಸ್ವಲ್ಪ ಹೊತ್ತು ಕಾದು ಒಬ್ಬಳೇ ಹಿಂದಿರುಗಿದಳು.

ಅವನು ನದಿಯ ದಂಡೆಯಲ್ಲಿ ಮೂರು ದಿನ ಉಪವಾಸ ಕೂತ. ಅಕ್ಕನ ಮೇಲೆ ಅವನಿಗೆ ಜೀವವಿತ್ತು. ಅದಕ್ಕೇ ಹೋಗಲಿಲ್ಲ, ಪಾಪ.

ನಾಲ್ಕನೆಯ ದಿನ ಹುಲಿಗೆವ್ವ ಮತ್ತೆ ಬಂದಳು. ಈ ಸಲ ಅವಳು ಅಂಗಳದಲ್ಲೇ ಕುಸಿದು ಕೂತಳು.

"ಹೋದ್ಳು, ಚನ್ನಾ. ಅಂಗಳದಾಗ ಯಾರು ನಡೆದ್ರೂ 'ತಮ್ಮ ಬಂದನೇನು' ಅಂತ ಕೇಳ್ತಿದ್ದಳು. ಎಷ್ಟು ಬೇಡಿಕೊಂಡೆ. 'ಅವ ಬರಲಿ, ಅವನ ಕೈಲೇ ಕುಡೀತೀನಿ' ಅಂದ್ಳು. ಔಷಧ ಹಂಗೇ ಉಳೀತು."

ಚನ್ನಮಲ್ಲ ಎದೆ ಬಡಿದುಕೊಂಡು ಅತ್ತ.

"ನೋಡಿದ್ರಾ ಅಜ್ಜಾರ? ನಾ ಹೋಗದಿದ್ರೂ ನನ್ನ ಕಾಲ್ಗುಣ ಅಕ್ಕನ್ನ ಬಿಡಲಿಲ್ಲ."

ಗುರುಗಳು ಸಮಾಧಾನ ಹೇಳಲಿಲ್ಲ. ಅವರ ಕಣ್ಣೂ ಒದ್ದೆಯಾಗಿತ್ತು. ಹುಲಿಗೆವ್ವನ ಕಡೆ ತಿರುಗಿದರು.

"ಕೂಸು ಹೆಂಗೈತಿ?"

"ಗಟ್ಟಿ ಐತ್ರಿ. ಆದ್ರ ಮನಿಯಾಗ ಯಾರೂ ಎತ್ತಿಕೊಳ್ಳವಲ್ರು. ತಾಯೀನ್ನ ತಿಂದ ಕೂಸು ಅಂತಾರ."

ಚನ್ನಮಲ್ಲನ ಅಳು ನಿಂತಿತು. ಧಡಕ್ಕನೆ ಎದ್ದ.

"ಯಾರು ಹಂಗಂದವರು? ಅವರ ನಾಲಗಿಗೆ ಹುಳ ಬೀಳಲಿ! ಕಣ್ಣು ಬಿಟ್ಟು ಎಂಟು ದಿನ ಆಗಿಲ್ಲ, ಅದು ಯಾರನ್ನ ಕೊಂದೀತು? ಅದರದೇನು ತಪ್ಪು ಐತಿ?"

ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. ತನ್ನ ಪಾದಗಳನ್ನೇ ನೋಡುತ್ತ ನಿಂತ.

ಗುರುಗಳು ಮೂಲೆಗೆ ಹೋಗಿ ಶಿಷ್ಯನ ಚಪ್ಪಲಿಗಳನ್ನು ತಾವೇ ಎತ್ತಿಕೊಂಡು ಬಂದರು. ಬಗ್ಗಿ ಅವನ ಪಾದಗಳ ಮುಂದೆ ಇಟ್ಟರು.

"ಮೆಟ್ಟಿಕೊಂಡು ಹೊರಡು, ಮಗಾ. ಆ ಕೂಸಿಗೆ ಊರವರ ಮಾತು ತಿಳಿಯೋದ್ರೊಳಗ ನೀ ಅಲ್ಲಿರಬೇಕು."